ನಾನೂರು ಕಿಲೋಮೀಟರಿನ ಮಾತು

ಅಚ್ಚಾದ ಸಂಖ್ಯೆಯನ್ನು ಯಾರಾದರೂ ಅನುಮಾನಿಸಿದರೆ ನಮ್ಮ ಇನ್ಸ್‌ಪೆಕ್ಟರಿಗೆ ತಮ್ಮನ್ನೇ ಅನುಮಾನಿಸಿದಷ್ಟು ನೋವಾಗುತ್ತಿತ್ತು. (ಪೊಲೀಸ್ ಇನ್ಸ್‌ಪೆಕ್ಟರೆಂದುಕೊಂಡು ಓದುಗರು ಗಾಬರಿಯಾಗಬೇಕಾಗಿಲ್ಲ. ಇವರು ತೂಕ ಮತ್ತು ಅಳತೆಯ ಇಲಾಖೆಯಲ್ಲಿದ್ದು ನಿವೃತ್ತರಾದವರು. ಇವರಿಗೆ ಹೆದರುತ್ತಿದ್ದವು ತಕ್ಕಡಿಗಳು ಮಾತ್ರ.) ಅಂಗಡಿ ಅಂಗಡಿ ತಿರುಗಿ, ತೂಕದ ಬಟ್ಟುಗಳನ್ನೂ ಲೀಟರಿನ ಪಾತ್ರೆಗಳನ್ನೂ ಬಟ್ಟೆ ಅಳೆಯುವ ಮೀಟರುಪಟ್ಟಿಗಳನ್ನೂ ಪರೀಕ್ಷಿಸಿ, ಸರಿಯಿದ್ದರೆ ಮುದ್ರೆ ಒತ್ತುವುದು, ತಪ್ಪಿದ್ದರೆ ಅಂಗಡಿಯವನ ಬೆವರಿಳಿಸುವುದು ಅವರ ಜೀವಮಾನದ ಕಾಯಕವಾಗಿತ್ತು. ಒಂದು ಕಿಲೋ ಎಂದು ಬರೆದ ಮೇಲೆ ಅದು ಒಂದು ಕಿಲೋ ಇರಲೇಬೇಕು. ಮುದ್ರೆ ಬಿದ್ದ ಮೇಲೆ ಅದನ್ನು ಪ್ರಶ್ನಿಸುವುದು ಸೂರ್ಯನಿಗೆ ದಿಕ್ಕು ತೋರಿಸಿದಂತೆ.

ಇಂಥವರು ಎಲೆಕ್ಟ್ರಿಕ್ ಕಾರು ಕೊಂಡರು. ಅದರ ಕೈಪಿಡಿಯ ಮೊದಲ ಪುಟದಲ್ಲೇ ‘ಒಮ್ಮೆ ಪೂರ್ಣ ಚಾರ್ಜ್ ಮಾಡಿದರೆ ನಾನೂರು ಕಿಲೋಮೀಟರ್, ಪ್ರಮಾಣೀಕೃತ’ ಎಂದು ಅಚ್ಚಾಗಿತ್ತು. ‘ಪ್ರಮಾಣೀಕೃತ’ ಎಂಬ ಪದ ಬಂದಾಗ ಅವರ ದನಿ ತಾನಾಗಿ ತಗ್ಗುತ್ತಿತ್ತು, ಗ್ರಂಥಾಲಯದೊಳಗೆ ಕಾಲಿಟ್ಟವರ ದನಿ ತಗ್ಗುವಂತೆ. ಕಾರು ಮಾತ್ರ ಅಲ್ಲಿಯವರೆಗೆ ತರಕಾರಿ ಮಾರುಕಟ್ಟೆಯ ಆಚೆಗೆ ಲೋಕವನ್ನೇ ಕಂಡಿರಲಿಲ್ಲ.

ಆಗಲೇ ಅತ್ತಿಗೆಯ ಸುದ್ದಿ ಬಂತು. ಇನ್ಸ್‌ಪೆಕ್ಟರ ಹೆಂಡತಿಯ ಅಕ್ಕ ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕುಳಿತು ಗಾಡಿಗಳು ಬರುವುದನ್ನೂ ಹೊರಡುವುದನ್ನೂ ಸಾರುತ್ತಿದ್ದವರು. ಆ ದನಿಯನ್ನು ಕೇಳಿದ ಪ್ರಯಾಣಿಕರು, ಗಾಡಿ ತಡವಾದರೂ ಹೆಚ್ಚು ಗೊಣಗುತ್ತಿರಲಿಲ್ಲವಂತೆ. ತಾಯಿಯಿಲ್ಲದ ಮನೆಯಲ್ಲಿ ತಂಗಿಯನ್ನು ಎಬ್ಬಿಸಿದ್ದು, ಉಣ್ಣಿಸಿದ್ದು, ಗದರಿಸಿದ್ದು, ಮಲಗಿಸಿದ್ದು ಅದೇ ದನಿ. ಈಗ ಆ ಗಂಟಲಿನಲ್ಲಿ ಕೆಟ್ಟ ಗಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆಯದೆ ಬೇರೆ ದಾರಿಯಿಲ್ಲವೆಂದು ಡಾಕ್ಟರು ಹೇಳಿಬಿಟ್ಟರು. ಆಪರೇಷನ್ನಿನ ಹಿಂದಿನ ದಿನ ಸಂಜೆಯವರೆಗೆ ನೆಂಟರು ಬಂದು ನೋಡಬಹುದು. ಮರುದಿನದಿಂದ ಅಕ್ಕ ಇರುತ್ತಾಳೆ, ಅಕ್ಕನ ಮಾತು ಇರುವುದಿಲ್ಲ.

“ಚಿಕ್ಕಮ್ಮ, ಫೋನ್‌ನಲ್ಲೇ ನಾಲ್ಕು ಮಾತಾಡು ಅಂದ್ರೆ ಅಮ್ಮ ಬೇಡ ಅಂತಾಳೆ,” ಎಂದಳು ಫೋನಿನಲ್ಲಿ ಅಕ್ಕನ ಮಗಳು. “ದಿನಕ್ಕೆ ಸ್ವಲ್ಪವೇ ಮಾತಾಡ್ಬೇಕು ಅಂದಿದಾರೆ ಡಾಕ್ಟ್ರು. ಅದನ್ನೂ ಖರ್ಚು ಮಾಡದೆ ಕೂತಿದಾಳೆ. ನೀನು ಎದುರಿಗೆ ಬಂದ್ಮೇಲೆ ಅಂತೆ.”

ಹೆಂಡತಿ ಫೋನ್ ಇಟ್ಟು, ಕಣ್ಣೊರೆಸಿಕೊಂಡು, ನೇರ ಗಂಡನ ಮುಂದೆ ಬಂದು ನಿಂತರು.

“ರೈಲಿನಲ್ಲಿ ಹೋಗ್ಬಿಡೋಣ ರೀ. ನಾಳೆ ಬೆಳಿಗ್ಗೆ ಹತ್ತಿದ್ರೆ ಊಟದ ಹೊತ್ತಿಗೆ ಅಕ್ಕನ ಮುಂದೆ ಇರ್ತೀವಿ.”

“ಮನೇಲಿ ಕಾರಿಟ್ಕೊಂಡು ರೈಲಾ? ದೂರ ಮುನ್ನೂರು, ಓಡೋದು ನಾನೂರು. ನೂರು ಮಿಗುತ್ತೆ. ಆ ನೂರರಲ್ಲಿ ನಿಮ್ಮಕ್ಕನ್ನ ಒಂದು ಸುತ್ತು ಹಾಕಿಸ್ಕೊಂಡೂ ಬರಬಹುದು.”

“ಮರುದಿನ ಆಪರೇಷನ್ ಇರೋಳನ್ನ ಸುತ್ತು ಹಾಕಿಸ್ತಾರಂತೆ!”

“ಮಾತಿಗೆ ಹೇಳ್ದೆ ಕಣೇ.”

“ಕಾರನ್ನೂ ಮಾತು ನಂಬಿಯೇ ತಗೊಂಡ್ರೇನೋ ಅಂತ ನನಗೆ ಭಯ.”

ಇನ್ಸ್‌ಪೆಕ್ಟರ ಹಟದ ಹಿಂದೆ ಕಾರಿನ ಹೆಮ್ಮೆಯೊಂದೇ ಇತ್ತೆಂದರೆ ಅವರಿಗೆ ಅನ್ಯಾಯ ಮಾಡಿದಂತಾಗುತ್ತದೆ. ರೈಲಿನಲ್ಲಾದರೆ ಹೆಂಡತಿ ಹತ್ತು ಜನರ ನಡುವೆ ಕುಳಿತು ಅಳು ನುಂಗಬೇಕಾಗುತ್ತದೆ, ಕಾರಿನಲ್ಲಾದರೆ ದಾರಿಯುದ್ದಕ್ಕೂ ಮನಸಾರೆ ಅಳಬಹುದು ಎಂದು ಅವರು ಯೋಚಿಸಿದ್ದರು. ಇದನ್ನು ಬಾಯಿಬಿಟ್ಟು ಹೇಳಿದ್ದರೆ ಆಕೆ ಅರ್ಧವಾದರೂ ಕರಗುತ್ತಿದ್ದರು. ಆದರೆ ಅವರು ಹೇಳಿದ್ದು, “ಪ್ರಮಾಣೀಕೃತ ಕಣೇ, ಪ್ರಮಾಣೀಕೃತ!”

ಮರುದಿನ ಬೆಳಿಗ್ಗೆ ಹಲ್ಲು ಕಟಕಟಿಸುವ ಚಳಿ. ಕಾರಿನ ಪರದೆಯ ಮೇಲೆ ನಾನೂರು ಎಂದು ಹಸಿರಾಗಿ ಮೂಡಿದ್ದನ್ನು ಇನ್ಸ್‌ಪೆಕ್ಟರು ಹೆಂಡತಿಯನ್ನು ಕರೆದು ತೋರಿಸಿದರು. ಹೀಟರ್ ಹಾಕಿದರು. ಹೆದ್ದಾರಿಗೆ ಬಂದು ವೇಗ ಹೆಚ್ಚಿಸಿದರು. ಎದುರುಗಾಳಿ ಬೀಸತೊಡಗಿತು. ಆ ಹಸಿರು ಸಂಖ್ಯೆ ಕುದಿಯುವ ನೀರಿಗೆ ಹಾಕಿದ ಉಪ್ಪಿನಂತೆ ಕರಗತೊಡಗಿತು. ರಸ್ತೆಬದಿಯ ಕಿಲೋಮೀಟರ್ ಕಲ್ಲುಗಳ ಲೆಕ್ಕದಲ್ಲಿ ಕಾರು ಐವತ್ತು ಓಡಿದ್ದರೆ ಪರದೆ ಎಂಬತ್ತನ್ನು ಕಳೆದುಕೊಂಡು ಕುಳಿತಿತ್ತು.

“ಏನೂಂದ್ರೆ, ಇದೇನು ಬಂದಿದ್ದು ಐವತ್ತು, ಹೋಗಿದ್ದು ಎಂಬತ್ತು?”

ಇನ್ಸ್‌ಪೆಕ್ಟರು ಹುಬ್ಬು ಗಂಟಿಕ್ಕಿ ಬಹಳ ಹೊತ್ತು ಆಲೋಚಿಸಿದರು. ಒಂದು ಕಡೆ ಪ್ರಮಾಣೀಕೃತ ಸಂಖ್ಯೆ, ಇನ್ನೊಂದು ಕಡೆ ರಸ್ತೆ. ಎರಡರಲ್ಲಿ ಒಂದು ತಪ್ಪಿರಲೇಬೇಕು. ನೀವಾಗಿದ್ದರೆ, ನಾನಾಗಿದ್ದರೆ, ಯಾವುದು ತಪ್ಪೆನ್ನುತ್ತಿದ್ದೆವು? ಆದರೆ ನಾವು ಇಡೀ ಆಯುಷ್ಯ ಮುದ್ರೆ ಒತ್ತಿದವರಲ್ಲ.

“ಕಿಲೋಮೀಟರ್ ಕಲ್ಲು ತಪ್ಪಾಗಿ ನೆಟ್ಟಿದಾರೆ,” ಎಂದು ಅವರು ತೀರ್ಪು ಕೊಟ್ಟರು.

“ಏನಂದ್ರಿ?”

“ದೂರ ದೂರಕ್ಕೆ ನೆಟ್ಟಿದಾರೆ ಕಣೇ. ಒಂದು ಕಲ್ಲಿನಿಂದ ಇನ್ನೊಂದಕ್ಕೆ ಒಂದೂವರೆ ಕಿಲೋಮೀಟರ್ ಇದ್ದರೂ ಇರಬಹುದು. ಕಂಟ್ರಾಕ್ಟರ್ ಕಲ್ಲು ಉಳಿಸಿದಾನೆ.”

“ಅಯ್ಯೋ, ಇಳಿದು ಅಳೆಯೋಣ ಅನ್ಬೇಡಿ!”

“ಟೇಪು ಡಿಕ್ಕಿಯಲ್ಲೇ ಇದೆ,” ಎಂದರು ಅವರು, ಆಸೆಯಿಂದ.

ಹೆಂಡತಿ ನೋಡಿದ ನೋಟಕ್ಕೆ ಟೇಪು ಡಿಕ್ಕಿಯಲ್ಲೇ ಉಳಿಯಿತು. ಆದರೆ ತೀರ್ಪು ಬದಲಾಗಲಿಲ್ಲ. ಅರ್ಧ ದಾರಿಯ ಪೇಟೆಯಲ್ಲಿ ರಸ್ತೆಯ ಪಕ್ಕದಲ್ಲೇ ಬೇಗ ಚಾರ್ಜ್ ಆಗುವ ನಾಲ್ಕು ಯಂತ್ರಗಳು ಸಾಲಾಗಿ ನಿಂತಿದ್ದವು, ನಾಲ್ಕೂ ಖಾಲಿ.

“ರೀ, ಇಲ್ಲೇ ಸ್ವಲ್ಪ ಹಾಕ್ಸಿ. ಟೀ ಕುಡಿಯೋದ್ರೊಳಗೆ ಆಗುತ್ತೆ.”

“ಬೇಕಾಗಿಲ್ಲ. ಕಲ್ಲುಗಳ ಪ್ರಕಾರ ಸಾಲದು, ಕಾರಿನ ಪ್ರಕಾರ ಸಾಕು. ನಾನು ಯಾರನ್ನು ನಂಬ್ಲಿ?”

“ನನ್ನನ್ನ!”

“ನಿನ್ನ ಮೇಲೆ ಮುದ್ರೆ ಎಲ್ಲಿದೆ?” ಎಂದು ನಕ್ಕು ಅವರು ಮುಂದೆ ಹೊರಟೇಬಿಟ್ಟರು. ಅದು ಅವರಿಗೆ ಆ ದಿನದ ಕೊನೆಯ ನಗೆಯಾಯಿತು.

ಪೇಟೆ ದಾಟಿದ ಮೇಲೆ ಘಟ್ಟದ ಏರು. ಏರು ಶುರುವಾದದ್ದೇ ತಡ, ಸಂಖ್ಯೆ ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ಇಳಿಯಿತು. ಇನ್ಸ್‌ಪೆಕ್ಟರು ಮೊದಲು ಹೀಟರ್ ಆರಿಸಿದರು. ಆಮೇಲೆ ರೇಡಿಯೋ ಆರಿಸಿದರು. ಸೀಟಿನ ಕೆಳಗಿದ್ದ ಬಾಟಲಿಗಳ ನೀರನ್ನು ಭಾರವೆಂದು ರಸ್ತೆಯಂಚಿಗೆ ಸುರಿದರು. ಅಕ್ಕನಿಗೆಂದು ತಂದ ಸೇಬಿನ ಚೀಲವನ್ನು ಎತ್ತಿ ಅಂಗೈಯಲ್ಲೇ ತೂಗಿ, “ಎರಡು ಕಿಲೋಗೆ ಐವತ್ತು ಗ್ರಾಂ ಕಡಿಮೆ, ಮೋಸ ಮಾಡಿದಾನೆ,” ಎಂದರು. ಹೆಂಡತಿ ಚೀಲ ಕಿತ್ತುಕೊಂಡು ಮಡಿಲಲ್ಲಿಟ್ಟುಕೊಂಡು, “ಇದನ್ನ ಎಸೆದ್ರೆ ಜೊತೆಗೆ ನಾನೂ ಇಳೀತೀನಿ. ಭಾರ ಚೆನ್ನಾಗಿ ಕಡಿಮೆ ಆಗುತ್ತೆ,” ಎಂದರು. ಕಾರು ತೆವಳತೊಡಗಿತು. ಲಾರಿಗಳು ದಾಟಿ ಹೋದವು. ಹುಲ್ಲು ಹೇರಿದ ಟ್ರ್ಯಾಕ್ಟರೊಂದು ದಾಟಿತು, ಅದರ ಚಾಲಕ ಅನುಕಂಪದಿಂದ ಕೈ ಬೀಸಿದ. ಆಕೆ ಶಾಲನ್ನು ಕಿವಿಗೆ ಸುತ್ತಿಕೊಂಡು, ಕೈಗಳನ್ನು ಕಂಕುಳಲ್ಲಿ ಹುದುಗಿಸಿ, ಮಾತನ್ನೇ ನಿಲ್ಲಿಸಿದರು. ಬೈಯುವವರು ಬಾಯಿ ಮುಚ್ಚಿದರೆ ಕಾರು ಎಷ್ಟು ದೊಡ್ಡದಾಗಿ ಕಾಣುತ್ತದೆಂಬುದು ಇನ್ಸ್‌ಪೆಕ್ಟರಿಗೆ ಅಂದು ತಿಳಿಯಿತು.

ಘಟ್ಟದ ತುದಿಯ ಹೋಟೆಲಿನ ಹಿತ್ತಲಲ್ಲಿ ಒಂದೇ ಒಂದು ಚಾರ್ಜರು. ಅದೂ ನಿಧಾನದ್ದು. ಅದಕ್ಕೆ ಆಗಲೇ ಒಂದು ಕಾರು ಅಂಟಿಕೊಂಡಿತ್ತು. ಅದರ ಒಡೆಯರು ಒಬ್ಬ ದಂತವೈದ್ಯರು. ಮಡಚುವ ಕುರ್ಚಿ ಹಾಕಿಕೊಂಡು, ಕಂಬಳಿ ಹೊದ್ದು, ದಪ್ಪ ಕಾದಂಬರಿ ಓದುತ್ತಿದ್ದರು.

“ಎಷ್ಟು ಬರೆದಿತ್ತು ಸ್ವಾಮಿ ನಿಮ್ಮದಕ್ಕೆ?” ಎಂದು ಅವರೇ ಕೇಳಿದರು.

“ನಾನೂರು.”

“ಚಳಿಗೆ ಒಂದಿಷ್ಟು ಹೋಯ್ತು, ಹೀಟರಿಗೆ ಒಂದಿಷ್ಟು, ವೇಗಕ್ಕೆ, ಗಾಳಿಗೆ, ಏರಿಗೆ ಒಂದೊಂದಿಷ್ಟು. ಅವರು ಪರೀಕ್ಷೆ ಮಾಡೋದು ಬೆಚ್ಚಗಿನ ಕೋಣೆಯೊಳಗೆ, ಉರುಳೆಗಳ ಮೇಲೆ ಚಕ್ರ ತಿರುಗಿಸಿ. ಅಲ್ಲಿ ಗಾಳಿ ಇಲ್ಲ, ಗುಡ್ಡ ಇಲ್ಲ, ಹೆಂಡತಿ ಇಲ್ಲ.”

“ಹಾಗಾದ್ರೆ ಸುಳ್ಳು ಬರೆದಿದಾರೆ!”

“ಸುಳ್ಳಲ್ಲ ಸ್ವಾಮಿ. ಆ ಕೋಣೆಯೊಳಗೆ ನಿಜ. ನಾವು ಆ ಕೋಣೆಯೊಳಗೆ ಬದುಕ್ತಿಲ್ಲ, ಅಷ್ಟೆ. ನಂದು ಇದು ಎರಡನೇ ಕಾರು. ಮೊದಲನೇದರಲ್ಲಿ ಅತ್ತಿದ್ದೆ, ಇದಕ್ಕೆ ಕುರ್ಚಿ ತಗೊಂಡೆ.”

ಇನ್ಸ್‌ಪೆಕ್ಟರು ಅವರ ಮುಂದೆ ಕೈಮುಗಿದು ಅತ್ತಿಗೆಯ ವಿಷಯ ಹೇಳಿದರು. ದಂತವೈದ್ಯರು ಕಾದಂಬರಿ ಮಡಚಿ, ಎದ್ದು ತಮ್ಮ ಕಾರಿನ ತಂತಿಯನ್ನು ಕಿತ್ತು ಇವರದಕ್ಕೆ ಸಿಕ್ಕಿಸಿದರು. ಆದರೂ ಯಂತ್ರ ತನ್ನ ಗತಿಯಲ್ಲೇ ತೊಟ್ಟು ತೊಟ್ಟಾಗಿ ಕೊಡುತ್ತಿತ್ತು. ಹೆಂಡತಿ ಅಕ್ಕನ ಮಗಳಿಗೆ ಫೋನ್ ಮಾಡಿ ಕೈಪಿಡಿ, ಕಲ್ಲು, ಟೇಪು ಎಲ್ಲವನ್ನೂ ಸವಿವರವಾಗಿ ಒಪ್ಪಿಸಿದರು. ಆಮೇಲೆ ಸೇಬಿನ ಚೀಲ ಹಿಡಿದು ಆ ಯಂತ್ರದ ಪಕ್ಕದಲ್ಲೇ ನಿಂತರು, ಹತ್ತಿರ ನಿಂತರೆ ಬೇಗ ಕೊಟ್ಟೀತೇನೋ ಎಂಬಂತೆ. ಬಿಸಿಲು ಹಿತ್ತಲಿನ ಗೋಡೆ ಹತ್ತಿ ಆಚೆಗೆ ಇಳಿಯಿತು.

ಆಸ್ಪತ್ರೆ ಮುಟ್ಟಿದಾಗ ನೋಡಲು ಬಂದವರೆಲ್ಲ ಹೊರಗೆ ಹೊರಡುತ್ತಿದ್ದರು. ವಾರ್ಡಿನ ಬಾಗಿಲಲ್ಲಿ ನರ್ಸು, “ಗಂಟೆ ಹೊಡೆಯೋವರೆಗೆ ಮಾತ್ರ,” ಎಂದಳು. ಅಕ್ಕನ ಮಗಳು ಓಡಿ ಬಂದು ಚಿಕ್ಕಮ್ಮನ ಕೈ ಹಿಡಿದುಕೊಂಡಳು.

“ಬೆಳಿಗ್ಗೆಯಿಂದ ಬಾಯಿ ಬಿಟ್ಟಿಲ್ಲ ಚಿಕ್ಕಮ್ಮ. ಕಾಫಿ ಬೇಕಾ ಅಂದ್ರೂ ಕೈಸನ್ನೆ. ಎಲ್ಲಾ ಮಾತೂ ನಿನಗೇ ಅಂತ ಎತ್ತಿಟ್ಟಿದಾಳೆ.”

ಅಕ್ಕ ದಿಂಬಿಗೊರಗಿ ಬಾಗಿಲನ್ನೇ ನೋಡುತ್ತಿದ್ದರು. ತಂಗಿಯನ್ನು ಕಂಡು ಎರಡೂ ಕೈ ಚಾಚಿದರು. ತಂಗಿ ಹೋಗಿ ಮಂಚದ ಮೇಲೆ ಕುಳಿತು ಆ ಕೈಗಳಲ್ಲಿ ತಮ್ಮ ಕೈಗಳನ್ನಿಟ್ಟರು. ಅಕ್ಕ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಕೈಗೆ ತಾಕಿದ ಆ ಬೆರಳುಗಳ ಚಳಿಗೆ ಬೆಚ್ಚಿ, ತಲೆಯೆತ್ತಿದರು. ಬಾಗಿಲ ಬಳಿ ಬೆಕ್ಕಿನಂತೆ ನಿಂತಿದ್ದ ಇನ್ಸ್‌ಪೆಕ್ಟರು ಕಣ್ಣಿಗೆ ಬಿದ್ದರು.

“ಏನಯ್ಯಾ ತಕ್ಕಡಿ!”

ಗೊಗ್ಗರು ದನಿ. ಆದರೂ ಪಕ್ಕದ ಮಂಚದವರು ಎದ್ದು ಕೂರುವಷ್ಟು ಜೋರು.

“ಈಗ ಬಂದೆಯಾ? ಜೀವಮಾನ ಪೂರ್ತಿ ಮೈಕಿನ ಮುಂದೆ ಕೂತು ತಡವಾದ ಗಾಡಿಗಳನ್ನ ಸಾರಿದೀನಿ. ಇಂಜಿನ್ ಕೆಟ್ಟಿದ್ದು ಗೊತ್ತು, ಹಳಿ ಮುರಿದಿದ್ದು ಗೊತ್ತು, ಎಮ್ಮೆ ಅಡ್ಡ ಮಲಗಿದ್ದೂ ಗೊತ್ತು. ಪುಸ್ತಕ ಓದ್ಕೊಂಡು ತಡ ಆದ ಗಾಡಿ ಇದೇ ಮೊದಲು! ಕಲ್ಲು ತಪ್ಪು ನೆಟ್ಟಿದಾರಂತೆ, ಕಲ್ಲು! ಊರವರ ತಕ್ಕಡಿ ಎಲ್ಲಾ ತೂಗಿ ನೋಡಿದೆಯಲ್ಲಾ, ನಿನ್ನ ಬುದ್ಧೀನ ಒಂದ್ಸಲ ಇಟ್ಟು ನೋಡಿದ್ಯಾ? ಮುಳ್ಳು ಅಲ್ಲಾಡ್ತಿರ್ಲಿಲ್ಲ! ನೋಡು ಇವಳ ಕೈ, ಮಂಜುಗಡ್ಡೆ ಆಗಿದೆ. ಇವಳಿಗೆ ಚಳಿ ತಡೆಯೋಲ್ಲ ಕಣಯ್ಯಾ. ಎರಡು ಕಂಬಳಿ ಹೊದಿಸಿ ಮಲಗಿಸ್ತಿದ್ದೆ ನಾನು. ಚಳಿ ಅಂತ ಇವಳು ಬಾಯಿಬಿಟ್ಟು ಹೇಳೋಲ್ಲ. ನೀನೇ ನೋಡ್ಕೋಬೇಕು. ಇಷ್ಟು ದಿನ ನಾನು ಹೇಳ್ತಿದ್ದೆ, ಇನ್ಮೇಲೆ ನಾನು…”

ಅಲ್ಲಿಗೆ ದನಿ ಒಡೆಯಿತು. ಅಕ್ಕ ತಂಗಿಯ ಕಡೆ ತಿರುಗಿ ತುಟಿಯಾಡಿಸಿದರು. ಗಾಳಿ ಮಾತ್ರ ಬಂತು. ಮತ್ತೊಮ್ಮೆ ಪ್ರಯತ್ನಿಸಿದರು. ಅದೂ ಬರಲಿಲ್ಲ. ಎರಡು ಕೈಗಳಿಂದಲೂ ತಂಗಿಯ ಕೆನ್ನೆಗಳನ್ನು ತಿಕ್ಕಿ ತಿಕ್ಕಿ ಬೆಚ್ಚಗೆ ಮಾಡತೊಡಗಿದರು. ಗಂಟೆ ಹೊಡೆಯಿತು. ನರ್ಸು ಬಂದು ನಿಂತಳು.

ಆಸ್ಪತ್ರೆಯ ಅಂಗಳದಲ್ಲಿ ಇಬ್ಬರೂ ಕಾರಿನಲ್ಲಿ ಕುಳಿತರು. ಎಲ್ಲಿಗೂ ಹೋಗುವಂತಿರಲಿಲ್ಲ, ಪರದೆಯ ಮೇಲೆ ಗೇಟು ದಾಟುವಷ್ಟೂ ಉಳಿದಿರಲಿಲ್ಲ.

“ನನಗೇಂತ ಎತ್ತಿಟ್ಟಿದ್ದ ಮಾತೆಲ್ಲ ನೀವು ತಿಂದ್ಬಿಟ್ರಿ,” ಎಂದರು ಹೆಂಡತಿ. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ಇನ್ಸ್‌ಪೆಕ್ಟರಿಗೆ ಎಷ್ಟೋ ಹಗುರವಾಗುತ್ತಿತ್ತು.

“ತಪ್ಪಾಯ್ತು ಕಣೇ.”

ಆಕೆ ಶಾಲಿನ ತುದಿಯಿಂದ ಮುಖ ಒರೆಸಿಕೊಂಡರು. ಆಮೇಲೆ, “ಹೇಳಿ,” ಎಂದರು.

“ಏನು ಹೇಳ್ಲಿ?”

“ಅಕ್ಕ ಹೇಳಿದ್ದನ್ನ. ಅಳ್ತಾ ಅಳ್ತಾ ನನಗೆ ಸರಿಯಾಗಿ ಕೇಳಿಸ್ಲಿಲ್ಲ. ನೀವು ಪೂರ್ತಿ ಕೇಳಿಸ್ಕೊಂಡ್ರಲ್ಲ. ಅವಳು ಹೇಳಿದ ಹಾಗೇ ಹೇಳಿ.”

ಇನ್ಸ್‌ಪೆಕ್ಟರು ಗಂಟಲು ಸರಿಮಾಡಿಕೊಂಡು ಮೆಲ್ಲಗೆ, “ಏನಯ್ಯಾ ತಕ್ಕಡಿ,” ಎಂದರು.

“ಅಷ್ಟು ಮೆತ್ತಗಲ್ಲ ರೀ. ‘ಯ್ಯಾ’ ಎಳೆದು ಹೇಳಿದಳು.”

“ಏನಯ್ಯಾಆ ತಕ್ಕಡಿ! ಈಗ ಬಂದೆಯಾ?”

“ಹ್ಞೂಂ. ಮುಂದೆ.”

ಅವರು ಮುಂದುವರಿಸಿದರು. ಇಂಜಿನ್ ಬಂತು, ಹಳಿ ಬಂತು. ಎಮ್ಮೆ ಮಲಗುವ ಜಾಗದಲ್ಲಿ ಆಕೆ ಬಿಕ್ಕುತ್ತಲೇ ನಕ್ಕರು. ಬುದ್ಧಿಯನ್ನು ತೂಗುವ ಜಾಗವನ್ನು ಅವರು ಮೆಲ್ಲನೆ ಹಾರಿಸಲು ನೋಡಿದರು. ಆಕೆ ಬಿಡಲಿಲ್ಲ. ಕಂಬಳಿಯ ಮಾತಿಗೆ ಬರುವಷ್ಟರಲ್ಲಿ ಇನ್ಸ್‌ಪೆಕ್ಟರ ದನಿಯೂ ಒಡೆಯಿತು, ಅವರು ಸ್ಟೀರಿಂಗಿನ ಮೇಲೆ ಹಣೆಯಿಟ್ಟರು.

ಆಕೆ ಅವರ ಬೆನ್ನು ಸವರಿದರು. ಅವರು ಸುಧಾರಿಸಿಕೊಳ್ಳುವವರೆಗೂ ಕಾದರು.

“ಎರಡು ಕಡೆ ತಪ್ಪಿದ್ರಿ,” ಎಂದರು. “ಮೊದಲಿಂದ ಹೇಳಿ. ಈ ಸಲ ಚೆನ್ನಾಗಿ ಬೈರಿ.”