ಹೆಣ್ಣು ನೋಡುವ ದಿನದ ಡೋಜರ್

ಲಕ್ಕಯ್ಯನ ಮಗಳು ಶೃತಿಯ ಮದುವೆಗೆ ಅಡ್ಡಿಯಾಗಿದ್ದದ್ದು ಜಾತಕವಲ್ಲ, ದಾರಿಯಲ್ಲಿದ್ದ ಒಂದು ಬಂಡೆ.

ಬಾಳ್ಳುಪೇಟೆಯಲ್ಲಿ ಹೈವೇ ಬಿಟ್ಟು ಒಳಗೆ ಬಂದರೆ ಕೆಸವಳ್ಳಿ. ಊರಿನವರೆಗೆ ಡಾಂಬರು ಉಂಟು. ಅಲ್ಲಿಂದ ಗುಡ್ಡದ ಮೇಲಿರುವ ಲಕ್ಕಯ್ಯನ ಮನೆಗೆ ಕಾಫಿ ತೋಟಗಳ ನಡುವೆ ಏರುವ ಮಣ್ಣಿನ ದಾರಿ. ಅದರ ಮೊದಲ ತಿರುವಿನಲ್ಲೇ ಆ ಬಂಡೆ ಮಲಗಿದ ಎಮ್ಮೆಯ ಬೆನ್ನಿನ ಹಾಗೆ ನೆಲದಿಂದ ಅರ್ಧ ಎದ್ದಿತ್ತು. ಊರಿನ ಜೀಪುಗಳಿಗೆ ಅದರ ಗುಣ ಗೊತ್ತು, ಬಳಸಿಕೊಂಡು ಹೋಗುತ್ತಿದ್ದವು. ಹಾಸನದಿಂದ ಹೆಣ್ಣು ನೋಡಲು ಬಂದವರ ಹೊಸ ಕಾರಿಗೆ ಗೊತ್ತಿರಲಿಲ್ಲ. ಕಾರಿನ ತಳ ಒಡೆದು ಆಯಿಲೆಲ್ಲ ಸೋರಿಹೋಯಿತು. ಗಂಡಿನ ತಾಯಿ ಅಲ್ಲೇ ಇಳಿದು, "ತೌರಿಗೆ ಹೋಗಿಬರೋ ದಾರೀನೇ ಹಿಂಗಿದ್ರೆ ನೆಂಟಸ್ತನ ಹೆಂಗೆ ನಡೀತದೆ?" ಎಂದವರು ಹುಡುಗಿಯ ಮುಖವನ್ನೂ ನೋಡದೆ ಹಿಂದಿರುಗಿದರು.

ಸಕಲೇಶಪುರದ ಒಂದು ಲ್ಯಾಬಿನಲ್ಲಿ ಕೆಲಸ ಮಾಡುವ ಶೃತಿ, "ಕಲ್ಲಿಗೇ ಹೆದರೋರು ಬಾಳುವೆ ಏನ್ ಮಾಡ್ತಾರಪ್ಪ, ಹೋಗ್ಲಿ ಬಿಡು" ಎಂದು ನಕ್ಕಳು. ಲಕ್ಕಯ್ಯನಿಗೆ ನಗು ಬರಲಿಲ್ಲ.

ಈಗ ಇನ್ನೊಂದು ಸಂಬಂಧ ಬಂದಿತ್ತು. ಹುಡುಗ ಪ್ರದೀಪ್ ಸಕಲೇಶಪುರದಲ್ಲಿ ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅವನ ತಾಯಿ ರಾಜಲಕ್ಷ್ಮಮ್ಮ ತಾವೇ ಫೋನು ಮಾಡಿ, "ನೀವ್ ಬರೋದೇನ್ ಬ್ಯಾಡಿ, ಭಾನುವಾರ ನಾವೇ ಬತ್ತೀವಿ" ಅಂದಿದ್ದರು. ಪೇಟೆಯ ಜನ! ಹೊಸ್ತಿಲ ತನಕ ಡಾಂಬರು ಕಂಡವರು! ಲಕ್ಕಯ್ಯನಿಗೆ ಅನ್ನ ಸೇರದಾಯಿತು. ಪಕ್ಕದ ಎಸ್ಟೇಟಿನಲ್ಲಿ ಕಣ ಮಟ್ಟ ಮಾಡಲು ಒಂದು ಡೋಜರ್ ಬಂದಿರುವುದು ತಿಳಿದು, ಅಲ್ಲಿ ಲೆಕ್ಕ ಬರೆಯುವ ರೈಟರ್ ಹಿಂದೆ ಬಿದ್ದ. ಇವನ ಕಾಟ ತಾಳಲಾರದೆ ರೈಟರ್, "ಭಾನುವಾರ ಬೆಳಗ್ಗೆ ಒಂದ್ ಗಳಿಗೆ ತಗಂಡ್ ಹೋಗ್ ಮಾರಾಯ" ಎಂದುಬಿಟ್ಟ.

ಭಾನುವಾರ ಬೆಳಗ್ಗೆ ಹಳದಿ ಡೋಜರ್ ಗುಡುಗುತ್ತ ಗುಡ್ಡ ಹತ್ತಿತು. ಮೇಲೆ ಕೂತಿದ್ದ ಆಪರೇಟರ್ ಲೋಹಿತ್ ಕಡಿಮೆ ಮಾತಿನ ಹುಡುಗ. ಬ್ಲೇಡನ್ನು ಬಂಡೆಯ ಬುಡಕ್ಕೆ ಕೊಟ್ಟು ಒಂದು ಸಲ ನೂಕಿದ. ಬಂಡೆ ಹಲ್ಲು ಕಿತ್ತಂತೆ ಎದ್ದು ಉರುಳಿ ಹಳ್ಳ ಸೇರಿತು. ಲಕ್ಕಯ್ಯ ಚಪ್ಪಾಳೆ ತಟ್ಟಿದ. ಆ ಚಪ್ಪಾಳೆ ಮುಗಿಯುವ ಮೊದಲೇ ಡೋಜರ್ ಎರಡು ಸಲ ಕೆಮ್ಮಿ, ಕಪ್ಪು ಹೊಗೆ ಉಗುಳಿ, ದಾರಿಗೆ ಅಡ್ಡಲಾಗಿ ನಿಂತುಬಿಟ್ಟಿತು.

ಎಮ್ಮೆ ಎದ್ದುಹೋದ ಜಾಗದಲ್ಲಿ ಆನೆ ಬಂದು ಮಲಗಿದಂತಾಯಿತು.

ಲೋಹಿತ್ ಕೀ ತಿರುಗಿಸಿದ. ಎಂಜಿನ್ ಕರ್ರ್ ಕರ್ರ್ ಎಂದು ತಿರುಗಿತೇ ಹೊರತು ಹತ್ತಿಕೊಳ್ಳಲಿಲ್ಲ. ಸದ್ದು ನಿಂತದ್ದನ್ನು ಕೇಳಿ ಊರು ಗುಡ್ಡ ಹತ್ತಿತು. ಎಲ್ಲರಿಗಿಂತ ಮುಂದೆ, ಬಸ್ ಡ್ರೈವರ್ ಆಗಿ ನಿವೃತ್ತರಾದ ನಂಜುಂಡಯ್ಯ.

"ಬ್ಯಾಟ್ರಿ ಹೋಗೈತೆ" ಎಂದರು ಅವರು, ದೂರದಿಂದಲೇ.

"ಬ್ಯಾಟ್ರಿ ಸರಿಗೈತೆ ಸಾರ್, ಎಂಜಿನ್ ತಿರುಗ್ತಾ ಐತಲ್ಲ" ಎಂದ ಲೋಹಿತ್.

"ನಾನ್ ಶಿರಾಡಿ ಘಾಟಲ್ಲಿ ಬಸ್ ಓಡ್ಸ್ದೋನು ಕಣಪ್ಪ. ನಂಗೇ ಹೇಳ್ಕೊಡ್ತೀಯಾ?"

ಅವರ ಮಾತು ಮೀರಲಾಗದೆ ಯಾರದೋ ಜೀಪಿನ ಬ್ಯಾಟರಿ ಕಳಚಿ ಹೊತ್ತು ತಂದರು. ವೈರು ಕೊಟ್ಟರು. ಡೋಜರ್ ಮೊದಲಿಗಿಂತ ಜೋರಾಗಿ ಕರ್ರ್ ಕರ್ರ್ ಎಂದಿತು, ಅಷ್ಟೇ. ಈಗ ಜೀಪೂ ಸ್ಟಾರ್ಟಾಗದ ಸ್ಥಿತಿಗೆ ಬಂತು.

ಪಕ್ಕದ ತೋಟದ ಗಿಡ್ಡಯ್ಯ ಇದನ್ನೆಲ್ಲ ಮರುಕದಿಂದ ನೋಡುತ್ತಿದ್ದ. "ಇದು ಕಣ್ ದೃಷ್ಟಿ. ಅಷ್ಟ್ ದೊಡ್ ಕಲ್ಲ ಒಂದೇ ಏಟಿಗೆ ಎಬ್ಬುಸ್ತಲ್ಲ, ಯಾರ್ ಕಣ್ಣೋ ಬಿತ್ತು" ಎಂದು ಜೇಬಿನಿಂದ ನಿಂಬೆಹಣ್ಣು ತೆಗೆದು ಡೋಜರಿನ ಚೈನು ಚಕ್ರದ ಮುಂದಿಟ್ಟ. "ಈ ಹಣ್ಣು ಅಪ್ಪಚ್ಚಿ ಆಯ್ತು ಅಂದ್ರೆ ಗಾಡಿ ಹೊಂಟಂಗೇ."

"ಹಣ್ಣು ಅಪ್ಪಚ್ಚಿ ಆಗಕ್ಕೆ ಗಾಡಿ ಮೊದ್ಲು ಮುಂದಕ್ ಹೋಗ್ಬೇಕಲ್ಲ ಗಿಡ್ಡಣ್ಣ?" ಎಂದ ಲಕ್ಕಯ್ಯ.

"ಅದುನ್ನ ಹಣ್ಣು ನೋಡ್ಕತ್ತದೆ. ನೀನ್ ಸುಮ್ಕಿರು."

ಅಷ್ಟರಲ್ಲಿ ಟ್ಯಾಂಕಿನೊಳಗೆ ಕಡ್ಡಿ ಇಳಿಸಿ ನೋಡಿದ ಲೋಹಿತ್ ತಲೆ ಚಚ್ಚಿಕೊಂಡ. ಡೀಸೆಲ್ ಇತ್ತು, ಆದರೆ ತಳದಲ್ಲಿ. ಏರಿನಲ್ಲಿ ಗಾಡಿ ವಾಲಿದ್ದರಿಂದ ಇದ್ದಷ್ಟೂ ಒಂದು ಮೂಲೆ ಸೇರಿ, ಪೈಪು ಬರೀ ಗಾಳಿ ಹೀರಿತ್ತು. "ಡೀಸೆಲ್ ತುಂಬ್ಸಿ ಗಾಳಿ ತೆಗುದ್ರೆ ಸ್ಟಾರ್ಟ್ ಆಗ್ತದಣ್ಣ."

ಲಕ್ಕಯ್ಯ ಹಿಂದುಮುಂದು ನೋಡದೆ ಎರಡು ಕ್ಯಾನ್ ಹಿಡಿದು, ನಂಜುಂಡಯ್ಯನವರ ಸ್ಕೂಟರ್ ಏರಿ ಬಾಳ್ಳುಪೇಟೆಗೆ ಓಡಿದ. ಮೈಮೇಲೆ ಮಸಿ ಹತ್ತಿದ ಬನಿಯನ್, ಮೇಲಕ್ಕೆ ಕಟ್ಟಿದ ಪಂಚೆ. ಬಂಕಿನಲ್ಲಿ ಕ್ಯಾನ್ ತುಂಬಿಸಿ ತಿರುಗಿದರೆ, ಎದುರಿನ ಟೀ ಅಂಗಡಿಯ ಮುಂದೆ ಒಂದು ಜೀಪು. ಜೀಪಿನ ಪಕ್ಕ ಟೀ ಲೋಟ ಹಿಡಿದು ನಿಂತ ಹೆಂಗಸು, ಫೋಟೋದಲ್ಲಿ ನೋಡಿದ್ದ ರಾಜಲಕ್ಷ್ಮಮ್ಮ! ಜತೆಗೆ ಇಸ್ತ್ರಿ ಅಂಗಿಯ ಪ್ರದೀಪ್.

ಲಕ್ಕಯ್ಯ ಕ್ಯಾನ್ ಸಮೇತ ಒಂದು ಲಾರಿಯ ಹಿಂದೆ ಅವಿತ. ಹೇಗಾದರೂ ಇವರನ್ನು ತಡೆಯಬೇಕು. ಫೋನು ತೆಗೆದು ಅವರಿಗೇ ಮಾಡಿದ.

"ಅಮ್ಮಾ, ನಮಸ್ಕಾರ. ನಾನು ಲಕ್ಕಯ್ಯ. ಸ್ವಲ್ಪ ನಿಧಾನಕ್ ಬನ್ನಿ. ಈಗ ರಾಹುಕಾಲ ಐತೆ."

"ಭಾನುವಾರ ರಾಹುಕಾಲ ಸಾಯಂಕಾಲಕ್ಕಲ್ವಾ?"

ಲಕ್ಕಯ್ಯ ಬೆವೆತ. "ನಮ್ಮೂರಲ್ಲಿ ಬೆಳಿಗ್ಗೇನೂ ಬತ್ತದಮ್ಮ."

"ಹಂಗಾ? ಆಗ್ಲಿ, ಇನ್ನೊಂದ್ ಟೀ ಕುಡುದೇ ಬತ್ತೀವಿ." ಆಕೆ ಮತ್ತೆ ಅಂದರು, "ಇಲ್ಲೊಂದ್ ಲಾರಿ ಹಿಂದೆ ಯಾರೋ ನಿಮ್ ಥರಾನೇ ಮಾತಾಡ್ತಾವ್ರೆ ಕಣ್ರೀ."

ಲಕ್ಕಯ್ಯ ಫೋನು ಕತ್ತರಿಸಿ, ಲಾರಿಯ ಇನ್ನೊಂದು ಮಗ್ಗುಲಿನಿಂದ ಪರಾರಿಯಾದ.

ಡೀಸೆಲ್ ಹುಯ್ದದ್ದಾಯಿತು. ಲೋಹಿತ್ ಸ್ಪ್ಯಾನರ್ ಹಿಡಿದು ಪಂಪಿನ ನಟ್ಟು ಸಡಿಲಿಸಿ, ಕೈಪಂಪು ಒತ್ತಿ ಒತ್ತಿ ಗಾಳಿ ಹೊರಡಿಸಿದ. ನೊರೆ ನೊರೆಯಾಗಿ ಬಂದ ಡೀಸೆಲ್ ನೇರ ನಂಜುಂಡಯ್ಯನವರ ಬಿಳಿ ಅಂಗಿಗೆ ಚಿಮ್ಮಿತು. ನಟ್ಟು ಬಿಗಿದು ಕೀ ತಿರುಗಿಸಿದಾಗ ಎಂಜಿನ್ ಡುರ್ರ್ ಎಂದು ಹತ್ತಿಕೊಂಡಿತು. ಊರೆಲ್ಲ ಹೋ ಎಂದಿತು. ಗಿಡ್ಡಯ್ಯ ನಿಂಬೆಹಣ್ಣಿಗೆ ಕೈಮುಗಿದ.

ಆದರೆ ಲೋಹಿತ್ ಗೇರು ಹಾಕಿದರೆ ಗಾಡಿ ಕದಲಲಿಲ್ಲ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಎಂಜಿನ್ ಕೂಗುತ್ತಿತ್ತು, ಡೋಜರ್ ಅತ್ತೆಮನೆಗೆ ಹೋಗಲೊಲ್ಲದ ಹೆಣ್ಣಿನಂತೆ ಕಾಲೂರಿ ನಿಂತಿತ್ತು.

"ಗೇರ್‌ಬಾಕ್ಸ್ ಹೋಯ್ತು" ಎಂದರು ನಂಜುಂಡಯ್ಯ, ಅಂಗಿ ಹಿಂಡುತ್ತ. "ಇನ್ನೊಂದ್ ತಿಂಗ್ಳು ಇಲ್ಲೇ."

ಒಬ್ಬ ಬ್ರೇಕ್ ಎಂದ, ಇನ್ನೊಬ್ಬ ಚೈನಿಗೆ ಕಲ್ಲು ಸಿಕ್ಕಿದೆ ಎಂದ. ನಾಲ್ಕು ಕಡೆಯಿಂದ ಜನ ಗಾಡಿ ಹತ್ತಿ ಇಳಿದು ಲೋಹಿತನ ಕಿವಿಯಲ್ಲಿ ಕೂಗತೊಡಗಿದರು. ಅದೇ ಹೊತ್ತಿಗೆ ಕೆಳಗಿನಿಂದ ಜೀಪಿನ ಹಾರನ್ ಕೇಳಿತು.

ಜೀಪು ಡೋಜರಿನ ಮೂತಿಗೆ ಬಂದು ನಿಂತಿತು. ರಾಜಲಕ್ಷ್ಮಮ್ಮ ಇಳಿದು ಡೋಜರನ್ನು ನೋಡಿದರು, ಲಕ್ಕಯ್ಯನ ಬನಿಯನ್ನನ್ನು ನೋಡಿದರು. "ಲಾರಿ ಹಿಂದೆ ಇದ್ದೋರು ನೀವೇ ಅಲ್ವಾ?" ಎಂದರು.

ಲಕ್ಕಯ್ಯ ಮಸಿ ಕೈ ಮುಗಿದ. "ತೆಪ್ಪಾಯ್ತಮ್ಮ. ದಾರಿ ಸರಿ ಮಾಡ್ಸಕ್ ಹೋಗಿ ಹಿಂಗಾಗ್ಬುಟ್ತು. ಗಾಡಿ ಹೋಗಲ್ಲ. ನಡಿಯಕ್ಕೆ ನಿಮ್ಗೆ..."

ಮಾತು ಮುಗಿಯುವ ಮೊದಲೇ ಆಕೆ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಡೋಜರಿಗೂ ಪಕ್ಕದ ಮಣ್ಣಿನ ಧರೆಗೂ ನಡುವಿನ ಸಂದಿಯಲ್ಲಿ ಬೇರು ಹಿಡಿದು ಮೇಕೆಯಂತೆ ಹತ್ತಿ ಆಚೆ ಸೇರಿದರು. ಇಸ್ತ್ರಿ ಅಂಗಿಯ ಪ್ರದೀಪನೂ ಹಿಂದೆಯೇ ಹತ್ತಿದ. ಪೇಟೆಯವರಿಗೆ ಇಷ್ಟು ಕಾಲು ಹೇಗೆ ಬಂತೆಂದು ಲಕ್ಕಯ್ಯ ಬಾಯಿ ಬಿಟ್ಟು ನೋಡಿದ.

ಮನೆಯಲ್ಲಿ ಹೆಂಡತಿ ನೇತ್ರಾವತಿ ಉಪ್ಪಿಟ್ಟು, ಕೇಸರಿಭಾತು, ಕಾಫಿ ಎಲ್ಲ ಸಜ್ಜು ಮಾಡಿದ್ದಳು. ಶೃತಿ ಬಂದು ಕೂತಳು. ಪ್ರದೀಪ್ ಲ್ಯಾಬಿನ ಕೆಲಸದ ಬಗ್ಗೆ ಕೇಳಿದ, ಅವಳು ಕ್ಯೂರಿಂಗಿನ ಕೆಲಸದ ಬಗ್ಗೆ ಕೇಳಿದಳು. ಇಬ್ಬರೂ ಒಂದೇ ಬಸ್ಸಿನ ಕಂಡಕ್ಟರನನ್ನು ಬೈದುಕೊಂಡು ನಕ್ಕರು. ಆ ಕಡೆ ಎಲ್ಲ ಸುಗಮ. ಈ ಕಡೆ ರಾಜಲಕ್ಷ್ಮಮ್ಮ ಮಾತ್ರ ಹುಡುಗಿಯ ಬಗ್ಗೆ ಒಂದು ಮಾತೂ ಕೇಳದೆ ಡೋಜರಿನ ಹಿಂದೆ ಬಿದ್ದಿದ್ದರು.

"ಯಾರ್ದು ಆ ಗಾಡಿ? ಕೇಳುದ್ರೆ ಕೊಡ್ತಾರಾ? ಕಡಿದಾದ್ ಏರು ಹತ್ತುತ್ತಾ?"

ಆಕೆ ಹಂಗಿಸುತ್ತಿದ್ದಾರೆ ಎಂದುಕೊಂಡ ಲಕ್ಕಯ್ಯ ಕೇಸರಿಭಾತಿನ ತಟ್ಟೆಯನ್ನು ಕೆಳಗಿಟ್ಟ. ತಾಯಿ ಮಗ ಜಗಲಿಗೆ ಹೋಗಿ ಪಿಸುಗುಟ್ಟಿ ಬಂದರು. ಇನ್ನು ಮುಗಿಯಿತು ಎಂದು ಅವನು ಕಣ್ಣು ಮುಚ್ಚಿದ.

"ಹುಡುಗಿ ನಮಗೆ ಒಪ್ಗೆ" ಎಂದರು ರಾಜಲಕ್ಷ್ಮಮ್ಮ. "ಆದ್ರೆ ಒಂದ್ ವಿಷ್ಯ ಮುಚ್ಚಿಟ್ಟಿದೀವಿ. ಅದ್ ಕೇಳಿ ನೀವೂ ಒಪ್ಪುದ್ರೆ ಸರಿ."

ಲಕ್ಕಯ್ಯ ಕಣ್ಣು ತೆರೆದ.

"ಪ್ರದೀಪಂಗೆ ಸಕಲೇಶಪುರದಲ್ಲಿರೋದು ಬರೀ ಬಾಡ್ಗೆ ರೂಮು. ನಮ್ಮನೆ ಇರೋದು ವನಗೂರಿಂದ ಮೇಲೆ, ಏಲಕ್ಕಿ ತೋಟದಲ್ಲಿ. ನಿಮ್ದು ರೋಡೇ ಕಣ್ರೀ. ನಮ್ಗೆ ಅದೂ ಇಲ್ಲ. ಹಳ್ಳದಲ್ಲಿ ನಡ್ಕಂಡ್ ಹತ್ಬೇಕು. ಒಪ್ಪಿದ್ ಹೆಣ್ಣಿನ್ ಕಡೆಯೋರು ಮನೆ ನೋಡಕ್ ಬಂದು ಅರ್ಧ ದಾರೀಲೇ ತಿರುಗ್ಕಂಡ್ ಹೋಗ್ಬುಟ್ರು, ಒಂದ್ಸಲ ಅಲ್ಲ. ಅದುಕ್ಕೇ ನಾವೇ ಬತ್ತೀವಿ ಅಂದಿದ್ದು."

ಶೃತಿ ಮೊದಲು ನಕ್ಕಳು. "ನಂಗೆ ನಡ್ದು ಅಭ್ಯಾಸ ಐತೆ" ಎಂದಳು. ನೇತ್ರಾವತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಲಕ್ಕಯ್ಯನಿಗೆ ಎದೆಯ ಮೇಲಿನ ಬಂಡೆ ಉರುಳಿ ಹಳ್ಳಕ್ಕೆ ಬಿದ್ದಂತಾಯಿತು. ಆದರೆ ರಾಜಲಕ್ಷ್ಮಮ್ಮನ ಮಾತು ಮುಗಿದಿರಲಿಲ್ಲ.

"ಮದ್ವೆ ದಿಬ್ಬಣ ಬರಕ್ಕಾದ್ರೂ ಒಂದು ದಾರಿ ಬೇಕಲ್ಲ. ನಿಮ್ಗೆ ಆ ಡೋಜರಿನ ಪಳಗಿಕೆ ಆಗೈತೆ. ನೀವೇ ಮುಂದೆ ನಿಂತು ಅದುನ್ನ ನಮ್ ಕಡೆಗೆ ಹತ್ತಿಸ್ಕೊಡ್ಬೇಕು."

"ಆಗ್ಲಿ!" ಎಂದ ಲಕ್ಕಯ್ಯ, ಸಂತೋಷದಲ್ಲಿ. ಏನು ಒಪ್ಪಿಕೊಂಡೆ ಎಂಬುದು ಅವನಿಗೆ ತಿಳಿದದ್ದು ಸ್ವಲ್ಪ ತಡವಾಗಿ.

ಅಷ್ಟರಲ್ಲಿ ಕೆಳಗಿನಿಂದ ಕೇಕೆ ಕೇಳಿತು. ಎಲ್ಲರೂ ಓಡಿ ಇಳಿದರೆ, ಡೋಜರ್ ನಡೆಯುತ್ತಿತ್ತು! ದಾರಿ ಮಟ್ಟ ಮಾಡುತ್ತ ಮದುವಣಗಿತ್ತಿಯ ಗತ್ತಿನಲ್ಲಿ ಮೇಲೆ ಬರುತ್ತಿತ್ತು. ನಂಜುಂಡಯ್ಯ ಸುತ್ತಿಗೆ ಹಿಡಿದು, "ಗೇರ್‌ಬಾಕ್ಸಿಗೆ ಒಂದ್ ಕೊಟ್ಟೆ ನೋಡು" ಎನ್ನುತ್ತಿದ್ದರು. ಗಿಡ್ಡಯ್ಯ ಅಪ್ಪಚ್ಚಿಯಾದ ನಿಂಬೆಹಣ್ಣನ್ನು ಎಲ್ಲರಿಗೂ ತೋರಿಸುತ್ತಿದ್ದ. ಲೋಹಿತ್ ಮಾತ್ರ ಬಗ್ಗಿ ಲಕ್ಕಯ್ಯನ ಕಿವಿಗೆ ಬಾಯಿ ಹಚ್ಚಿ, "ಇಳಿಯೋವಾಗ ಗಾಡಿ ಜಾರ್ದಂಗೆ ನಾನೇ ಲಾಕ್ ಹಾಕಿದ್ದೆ ಕಣಣ್ಣ. ಈ ಜನದ್ ಗಲಾಟೇಲಿ ತೆಗಿಯೋದೇ ಮರ್ತ್‌ಬುಟ್ಟೆ. ಇವ್ರೆಲ್ಲ ಕಾಫಿಗ್ ಹೋದಾಗ ಕಣ್ಣಿಗ್ ಬಿತ್ತು" ಎಂದ.

ಲಕ್ಕಯ್ಯನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. "ಲೋಹಿತಾ, ಇನ್ನೊಂದ್ ಕೆಲ್ಸ ಐತೆ ಕಣೋ! ವನಗೂರಿಂದ ಮೇಲೆ!" ಎಂದು ಕೂಗಿದ.

ಎಂಜಿನ್ನಿನ ಅಬ್ಬರದಲ್ಲಿ ಲೋಹಿತನಿಗೆ ಕೇಳಿಸಲಿಲ್ಲ. "ಏನಂದ್ರಿ?"

"ವನಗೂರು! ವನಗೂರು ಕಣೋ!"

"ಏನೂ ಕೇಳ್ತಿಲ್ಲ, ತಡೀರಿ" ಎಂದ ಲೋಹಿತ್, ಎಂಜಿನ್ ಆಫ್ ಮಾಡಿದ.

ಗುಡ್ಡವೇ ನಿಶ್ಶಬ್ದವಾಯಿತು. ಊರಿಗೆ ಊರೇ ಉಸಿರು ಹಿಡಿದು ನಿಂತಿತು. ತಾನು ಮಾಡಿದ್ದೇನೆಂದು ಲೋಹಿತನಿಗೂ ಹೊಳೆದು, ಅವನು ಮೆಲ್ಲಗೆ ಕೀ ತಿರುಗಿಸಿದ.

ಕರ್ರ್. ಕರ್ರ್. ಕರ್ರ್.

ಲಕ್ಕಯ್ಯ ತಲೆಯ ಮೇಲೆ ಕೈ ಹೊತ್ತು, ಹೊಸದಾಗಿ ಮಟ್ಟವಾಗಿದ್ದ ದಾರಿಯ ಮೇಲೆಯೇ ಕುಸಿದು ಕೂತ. ರಾಜಲಕ್ಷ್ಮಮ್ಮ ಮಾತ್ರ ನೆರಿಗೆಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಡೋಜರಿನ ಮೇಲೆ ಕಾಲಿಟ್ಟು ಕೈ ಚಾಚಿದರು.

"ಹಿಂಗ್ ಕೂತ್ರೆ ಆಗ್ತದಾ ಬೀಗ್ರೇ? ಏಳಿ, ಆ ಸ್ಪ್ಯಾನರ್ ಇತ್ಲಾಗ್ ಕೊಡಿ."