ನಗು ಕಡಿಮೆ ಮಾಡಿಸಿದ ಚೀಟಿಯ ಕುರಿತು

ನಮ್ಮ ಹಲ್ಲುಸೆಟ್ ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ ಮೇಣದಲ್ಲಿ ಹಲ್ಲು ಜೋಡಿಸುವ ಮೇಜನ್ನು ಹತ್ತೊಂಬತ್ತು ವರ್ಷಗಳಿಂದ ಅಲಂಕರಿಸಿರುವ ಹಿರಿಯಕ್ಕನವರ ಸನ್ನಿಧಿಗೆ,

ಮಾನ್ಯರೇ,

ಅದೇ ಕೋಣೆಯಲ್ಲಿ, ತಮ್ಮ ಮೊಣಕೈಯಿಂದ ಎರಡೇ ಗೇಣು ದೂರ ಕೂತು ಹಲ್ಲುಗಳಿಗೆ ಪಾಲಿಶ್ ಹೊಡೆದು ಡಬ್ಬಿಗೆ ತುಂಬುವ ಬಡಪಾಯಿಯ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ತಮ್ಮ ನಿಟ್ಟುಸಿರುಗಳಿಂದಲೇ ತಿಳಿದುಕೊಂಡಿದ್ದೇನೆ. ನಿನ್ನೆ ಸಂಜೆಯ ಹೊತ್ತಿಗೆ ಹನ್ನೊಂದು ಬಿಟ್ಟಿದ್ದಿರಿ.

ತಾವು ಯಾರನ್ನೂ ಬಾಯಿಬಿಟ್ಟು ಬೈದವರಲ್ಲ. ಏನೇ ಅಸಮಾಧಾನವಿದ್ದರೂ ಬೆಣ್ಣೆಯಿಂದ ಕೂದಲು ತೆಗೆದಂತೆ ಹಳದಿ ಚೀಟಿಯಲ್ಲಿ ದುಂಡಗೆ ಬರೆದು ಅಂಟಿಸುತ್ತೀರಿ: ಕೆಲವರು ಕುರ್ಚಿ ಎಳೆಯುವಾಗ ಸದ್ದು ಮಾಡುತ್ತಾರೆ, ಕೆಲವರಿಗೆ ಕಿಟಕಿ ಮುಚ್ಚುವುದನ್ನು ಮನೆಯಲ್ಲಿ ಕಲಿಸಿಲ್ಲ. ಕೋಣೆಯಲ್ಲಿ ಇರುವುದೇ ನಾವಿಬ್ಬರು. ಆ ‘ಕೆಲವರು’ ಯಾರೆಂದು ಕೇಳಿದರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡಂತಾದೀತೆಂದು ಸುಮ್ಮನಿದ್ದೆ. ಒಬ್ಬನೇ ಇದ್ದರೂ ಬಹುವಚನ ದಯಪಾಲಿಸಿದ್ದೀರಿ. ನನ್ನ ಹೆಂಡತಿಯೂ ಇಷ್ಟು ಮರ್ಯಾದೆ ಕೊಟ್ಟಿಲ್ಲ.

ಹೋದ ಗುರುವಾರ ನಾನು ಏನೋ ನೆನಪಾಗಿ ಕಿಸಕ್ಕನೆ ನಕ್ಕೆ. ತಾವು ತುಟಿ ಪಿಟಕ್ಕೆನ್ನದೆ, ‘ಕೆಲವರು ನಗುವುದನ್ನು ಕಡಿಮೆ ಮಾಡಿದರೆ ಎಲ್ಲರಿಗೂ ಒಳ್ಳೆಯದು’ ಎಂದು ಬರೆದು, ನಾನು ಮುಚ್ಚಬೇಕಿದ್ದ ಡಬ್ಬಿಯ ಒಳಗೇ ಅಂಟಿಸಿದಿರಿ. ಕ್ಷಮಿಸಬೇಕು, ತಮ್ಮ ಸಾಹಿತ್ಯ ಓದುವುದನ್ನು ನಾನು ಬಿಟ್ಟು ತಿಂಗಳಾಗಿತ್ತು. ಹಳದಿ ಕಂಡ ಕೂಡಲೇ ಕಣ್ಣು ಬೇರೆ ಕಡೆ ಹೊರಳಿತು, ಕೈ ಮುಚ್ಚಳ ಹಾಕಿತು, ಡಬ್ಬಿ ಹೊರಟುಹೋಯಿತು.

ಅದು ತಲುಪಿದ್ದು ಮೊಮ್ಮಗಳ ಮದುವೆಯ ಫೋಟೋಗೆಂದೇ ಹಲ್ಲು ಕಟ್ಟಿಸಿಕೊಂಡ ನಿವೃತ್ತ ಅಂಚೆಯಣ್ಣನವರಿಗೆ. ಬರೆದದ್ದನ್ನು ತಪ್ಪದೆ ಪಾಲಿಸಿ ಜೀವ ಸವೆಸಿದವರು, ಚೀಟಿಯನ್ನು ಹಲ್ಲಿನ ಬಳಕೆಯ ಸೂಚನೆ ಎಂದುಕೊಂಡರು. ಇನ್ನೂರು ಫೋಟೋಗಳಲ್ಲೂ ಹುಡುಗನನ್ನು ಒಪ್ಪದವರ ಹಾಗೆ ಮುಖ ಬಿಗಿದು ನಿಂತಿದ್ದಾರಂತೆ; ಬೀಗರು ಮುನಿಸಿಕೊಂಡಿದ್ದಾರಂತೆ. ಸೋಮವಾರ ನಮ್ಮ ಕೌಂಟರಿಗೆ ಬಂದು, ಬಾಯಿಗೆ ಕೈಯಡ್ಡ ಹಿಡಿದು ಕೇಳಿದರು: “ಇನ್ನೂ ಎಷ್ಟು ದಿನ ನಗಬಾರ್ದು, ಸ್ವಾಮಿ?”

ಮಾಲೀಕರು ಚೀಟಿ ಹಿಡಿದು ಕೋಣೆಗೆ ನುಗ್ಗಿದಾಗ ತಾವು ಕತ್ತೆತ್ತದೆ, “ನಾನೇನೂ ಹೇಳಲ್ಲಪ್ಪ, ಅವರವರಿಗೆ ಗೊತ್ತಿರುತ್ತೆ” ಎಂದು ಮೇಣ ಕರಗಿಸತೊಡಗಿದಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಡಬ್ಬಿ ಮುಚ್ಚಿದವನೇ ಚೀಟಿಯನ್ನೂ ಬರೆದನೆಂದು ತೀರ್ಮಾನವಾಗಿ, ಶನಿವಾರಕ್ಕೆ ನನ್ನ ಕೆಲಸ ಮುಗಿಯುತ್ತದೆ. ನನಗೆ ಸಿಟ್ಟು ಬಂದಿದೆ, ಅದಕ್ಕಿಂತ ಹೆಚ್ಚು ಹೆದರಿಕೆಯಾಗಿದೆ. ಹಲ್ಲು ಹೊಳೆಯಿಸುವುದು ಬಿಟ್ಟು ನನಗೆ ಇನ್ನೊಂದು ಕಸುಬು ಬರುವುದಿಲ್ಲ.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ, ಮಾಲೀಕರೆದುರು ‘ನಾನೇ ಬರೆದದ್ದು’ ಎಂಬ ಎರಡು ಪದಗಳನ್ನು ಬಾಯಿಂದಲೇ ಹೊರಡಿಸಬೇಕಾಗಿ ವಿನಂತಿ. ಗಂಟಲಿಗೆ ಇದು ಹೊಸ ವ್ಯಾಯಾಮವಾದ್ದರಿಂದ ಬಿಸಿನೀರು ಕಾಯಿಸಿಟ್ಟಿದ್ದೇನೆ. ಅದು ಆಗದಿದ್ದರೆ ಅದೇ ವಧೂವರರಿಗೆ ಅದೇ ಮದುವೆಯನ್ನು ಇನ್ನೊಮ್ಮೆ ಮಾಡಿಸಿ, ಬೀಗರನ್ನು ಒಪ್ಪಿಸಿ, ಹೊಸ ಫೋಟೋ ತೆಗೆಸಿಕೊಟ್ಟರೂ ಸಾಕು. ಅದೂ ಹೊರೆಯೆನಿಸಿದರೆ ನನ್ನನ್ನು ಒಂದೇ ಒಂದು ಸಲ ಬಾಯಿತುಂಬ ಬೈದುಬಿಡಿ. ಈ ಕೋಣೆಯಲ್ಲಿ ಇನ್ನೊಬ್ಬರು ಇದ್ದರೆಂಬ ನೆನಪಾದರೂ ನನಗೆ ಉಳಿಯಲಿ.

ಶನಿವಾರದವರೆಗೆ ಮಾತ್ರ,
ತಮ್ಮ ವಿಶ್ವಾಸಿ,
ಪಾಲಿಶ್ ಮೇಜಿನವನು

ತಾ.ಕ.: ಇದನ್ನು ಸೂಚನಾ ಫಲಕಕ್ಕೆ ಅಂಟಿಸಿದ್ದೇನೆ. ತಾವು ಬರುವುದು ಎಂಟೂವರೆಗೆ, ಮಾಲೀಕರು ಒಂಬತ್ತಕ್ಕೆ. ಹರಿದುಹಾಕಲು ಬೇಕಾದಷ್ಟು ಸಮಯವಿದೆ. ಆದರೆ ಒಂಬತ್ತೂಕಾಲಿಗೆ ಅಂಚೆಯಣ್ಣನವರು ಮೊಮ್ಮಗಳನ್ನೂ ಬೀಗರನ್ನೂ ಕರೆದುಕೊಂಡು, ಚೀಟಿ ಬರೆದವರನ್ನು ಕಣ್ಣಾರೆ ನೋಡಲು ಬರುತ್ತಿದ್ದಾರೆ. ಅವರ ಹಲ್ಲು ಜೋಡಿಸಿದ್ದು ತಾವೇ. ಅವು ಎಷ್ಟು ಗಟ್ಟಿಯಾಗಿ ಕಚ್ಚುತ್ತವೆಂಬುದು ತಮಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?