ಭಾವನ ಸೈಕಲ್ ರಿಪೇರಿ

ನಮ್ಮ ಭಾವನ ಸೈಕಲ್ಲು ತಾನಾಗಿ ಎಂದೂ ಕೆಟ್ಟದ್ದಿಲ್ಲ. ಅವರು ರಿಪೇರಿ ಮಾಡಿದ ಮೇಲೆಯೇ ಕೆಡುತ್ತಿದ್ದುದು!

ಭಾವ ಎಂದರೆ ನನ್ನ ಅಕ್ಕನ ಗಂಡ. ವೆಲ್ಲಿಂಗ್ಟನ್ ಪೇಟೆಯ ಜವಳಿ ಅಂಗಡಿಯೊಂದರಲ್ಲಿ ಗುಮಾಸ್ತರು. ಮನೆ ಪೇಟೆಯ ಮೇಲಿನ ಗುಡ್ಡದ ಹಟ್ಟಿಯಲ್ಲಿ. ದಂಡು ಬಿಟ್ಟು ತನ್ನ ಸೀಮೆಗೆ ಹೊರಟಿದ್ದ ಬಿಳಿ ಸೋಲ್ಜರನೊಬ್ಬ ಬಿಟ್ಟುಹೋದ ಹಳೆಯ ಸೈಕಲ್ಲನ್ನು ಕೊಂಡುತಂದರು. ನಮ್ಮ ನೀಲಗಿರಿಯಲ್ಲಿ ಸೈಕಲ್ಲೇ? ಇಳಿಯುವಾಗ ಅದು ನಿಮ್ಮನ್ನು ಹೊರುತ್ತದೆ, ಹತ್ತುವಾಗ ನೀವು ಅದನ್ನು ಹೊರಬೇಕು!

ಮೊದಲ ವಾರವೇ ಮುಳ್ಳು ಚುಚ್ಚಿ ಪಂಕ್ಚರ್ ಆಯಿತು. ಪೇಟೆಯ ಸೈಕಲ್ ಅಂಗಡಿಗೆ ಒಯ್ಯಿರಿ ಎಂದೆ. "ನಾವು ರಿಪೇರಿ ಕಲೀಬಾರದೋ?" ಎಂದು ಟೈರು ಬಿಚ್ಚಲು ಕೂತರು. ಬಿಚ್ಚಿದ್ದು ಯಾವುದರಿಂದ? ಕುಡುಗೋಲಿನಿಂದ! ಟ್ಯೂಬನ್ನು ಸ್ನಾನದ ಹಂಡೆಯಲ್ಲಿ ಅದ್ದಿ ನೋಡಿದರೆ, ಒಂದು ತೂತಿದ್ದ ಕಡೆ ನಾಲ್ಕು ಕಡೆಯಿಂದ ಗುಳ್ಳೆ.

"ಹಳೇ ತೂತು ಯಾವುದು ಅಂತ ಗೊತ್ತಾಗ್ತಾ ಇಲ್ಲವಲ್ಲ!" ಎಂದರು ಭಾವ.

ಇನ್ನೊಮ್ಮೆ ನಮ್ಮೂರು ಸೋಲೂರಿನಿಂದ ನಾನು ಹೋದಾಗ ಚಕ್ರದ ಅಚ್ಚು ಬಿಚ್ಚಿ ಅಂಗಳದಲ್ಲಿ ಕೂತಿದ್ದರು. ಒಳಗೆ ಉಕ್ಕಿನ ಸಣ್ಣ ಗುಂಡುಗಳಿರುತ್ತವೆ ಎಂದು ಅವರಿಗೆ ಯಾರು ಹೇಳಬೇಕು? ಗುಂಡುಗಳೆಲ್ಲ ಒಣಗಲು ಹಾಕಿದ್ದ ರಾಗಿಯೊಳಗೆ ಉರುಳಿದವು. ಆರಿಸುವಷ್ಟರಲ್ಲಿ ಕೋಳಿಯೊಂದು ಒಂದನ್ನು ನುಂಗಿತು. ಭಾವ ಸ್ಪಾನರ್ ಹಿಡಿದು ಅದರ ಹಿಂದೆ ಓಡಿದರು. ಕೋಳಿಗೆ ಸ್ಪಾನರ್ ಯಾಕೆ? ಅದನ್ನೂ ಬಿಚ್ಚಬೇಕೆಂದಿದ್ದರೋ ಏನೋ!

ಇನ್ನು ಎಣ್ಣೆ. ಸೈಕಲ್ಲಿಗೆ ಎಣ್ಣೆ ಬಿಟ್ಟರೆ ಹಗುರವಾಗಿ ಓಡುತ್ತದೆ ಎಂದು ಯಾರೋ ಹೇಳಿದರು. ಇವರು ಚೈನಿಗೆ ಬಿಟ್ಟರು, ಪೆಡಲ್ಲಿಗೆ ಬಿಟ್ಟರು. ಬ್ರೇಕಿಗೆ ಮಾತ್ರ ಯಾಕೆ ಅನ್ಯಾಯ ಎಂದು ಅದಕ್ಕೂ ಧಾರಾಳವಾಗಿ ಬಿಟ್ಟರು. ಆಮೇಲೆ ಪೇಟೆಯ ಇಳಿಜಾರು ಹಿಡಿದರು. ಸೈಕಲ್ಲು ಹಗುರವಾಗಿ ಓಡಿತು; ಭಾವ "ದಾರಿ! ದಾರಿ!" ಎಂದು ಕೂಗುತ್ತ ದಾರಿಯನ್ನೇ ಬಿಟ್ಟು ಆಲೂಗಡ್ಡೆ ಹೊಲದಲ್ಲಿ ಇಳಿದರು. ಹೊಲದ ಮುದುಕ ಗೆಡ್ಡೆ ಅಗೆಯುತ್ತಿದ್ದ ಗುದ್ದಲಿಗೆ ಒರಗಿ ನಿಂತು, "ಗೌಡರೇ, ಅಗೆಯೋಕೆ ಆಳು ಬೇಕು ಅಂತ ನಾನು ಯಾರಿಗೂ ಹೇಳಿರಲಿಲ್ವಲ್ಲ?" ಎಂದನಂತೆ.

ಹೀಗೇ ವರ್ಷ ಕಳೆಯಿತು. ಮೊನ್ನೆ ಕೆಟ್ಟದ್ದು ಇಂದೂ ಕೆಡುತ್ತಿತ್ತು. ಇಷ್ಟು ಬಿಚ್ಚಿದರೂ ಕಲಿಯದವರು ಇರುತ್ತಾರೆಯೇ?

ಒಂದು ಮಧ್ಯಾಹ್ನ ಭಾವನ ಜೊತೆ ಪೇಟೆಯಿಂದ ಹತ್ತಿ ಬರುತ್ತಿದ್ದೆ. ದಾರಿಯಲ್ಲಿ ಟಪಾಲಿನವನೊಬ್ಬ ಸೈಕಲ್ಲಿನ ಎಡಗಡೆ ಪೆಡಲ್ಲು ಕಳಚಿಕೊಂಡು ತಿಣುಕುತ್ತಿದ್ದ. ಎಷ್ಟು ತಿರುಗಿಸಿದರೂ ಅದು ಹತ್ತಲೊಲ್ಲದು. ಭಾವ ಬಗ್ಗಿದರು. "ಎಡಗಡೇದು ಉಲ್ಟಾ ತಿರುಗಿಸಬೇಕು ಕಣಯ್ಯಾ" ಎಂದು ಬಿಗಿದರು. ಸಡಿಲವಾಗಿದ್ದ ಚೈನನ್ನೂ ಎಳೆದು ಕೂರಿಸಿದರು. ನಾನು ಬೀಡಿ ಹಚ್ಚಿ ಮುಗಿಸುವಷ್ಟರಲ್ಲಿ ಅವನು ಹೊರಟುಹೋದ.

"ಭಾವಾ, ನಿಮಗೆ ರಿಪೇರಿ ಬರುತ್ತೆ!"

"ಬರುತ್ತೆ" ಎಂದರು, ಸಿಕ್ಕಿಬಿದ್ದ ಕಳ್ಳನ ಹಾಗೆ. "ಮನೇಲಿ ಹೇಳಬೇಡ."

"ಯಾಕೆ?"

ಭಾವ ಸೈಕಲ್ಲು ತಳ್ಳುತ್ತ ಮುಂದೆ ನಡೆದರು.

ಸೈಕಲ್ಲು ಬರುವುದಕ್ಕೆ ಹಿಂದಿನ ವರ್ಷ ಅಕ್ಕನ ಚೊಚ್ಚಲ ಮಗು ಹುಟ್ಟಿದ ವಾರದೊಳಗೇ ಹೋಗಿತ್ತು. ಆಮೇಲೆ ಅವಳು ಯಾರೊಡನೆಯೂ ಮಾತಿಲ್ಲದೆ ಒಳಮನೆಯ ಮೂಲೆ ಹಿಡಿದಿದ್ದಳು. ನಮ್ಮವ್ವ ಹೋಗಿ ಕರೆದರೂ ಹೊಸಿಲು ದಾಟಿರಲಿಲ್ಲ.

"ಮೊದಮೊದಲ ತಪ್ಪೆಲ್ಲ ನಿಜವಾದ್ದೇ ಕಣೋ" ಎಂದರು ಭಾವ. "ನಾನು ಬಿಚ್ಚಿಕೊಂಡು ಪೇಚಾಡ್ತಾ ಇದ್ದೆ. ಒಳಗಿನಿಂದ ನಿನ್ನಕ್ಕ ನಕ್ಕದ್ದು ಕೇಳಿಸಿತು. ಅವಳು ನಕ್ಕು ಎಷ್ಟು ಕಾಲವಾಗಿತ್ತು! ಆಮೇಲೆ ಕಲಿತೆ. ಕಲಿತೆ ಅಂತ ಅವಳಿಗೆ ತೋರಿಸೋದು ಹೇಗೆ, ಹೇಳು?"



ಮನೆ ಮುಟ್ಟಿದ ಕೂಡಲೇ ಭಾವ ಅಂಗಳದಲ್ಲಿ ಕೂತು ಹ್ಯಾಂಡಲ್ ಬಿಚ್ಚಿದರು. ಉಸ್ಸೆಂದು, ಹಣೆ ಒರೆಸಿಕೊಂಡು, ಹಿಂದುಮುಂದಾಗಿ ಜೋಡಿಸಿದರು.

ಬಾಗಿಲ ಕತ್ತಲಿನಲ್ಲಿ ಬಳೆಯ ಸದ್ದಾಯಿತು. "ಅಯ್ಯೋ, ಹಾಗೆ ಹೊರಟರೆ ನೀವು ಪೇಟೆಗಲ್ಲ, ನಮ್ಮ ಅಡಿಗೆಮನೆಗೇ ಬರ್ತೀರಿ!"

"ಹಿಂದುಮುಂದಾಯ್ತೇನೇ?" ಭಾವ ತಲೆಯೆತ್ತಲಿಲ್ಲ. "ನನಗಂತೂ ತಿಳೀತಿಲ್ಲ."

"ಈ ಜನ್ಮದಲ್ಲಿ ನಿಮಗೆ ತಿಳಿಯೋದೂ ಇಲ್ಲ. ತನ್ನಿ ಇಲ್ಲಿ" ಎನ್ನುತ್ತ ಅಕ್ಕ ಅಂಗಳದ ಬಿಸಿಲಿಗೆ ಇಳಿದು ಬಂದು, ಅವರ ಪಕ್ಕದಲ್ಲಿ ಕೂತಳು.